ಹಾವಿನ ಔಷಧಕ್ಕೆ ಕಟ್ಟಿದ ಬೆಲೆ

ಬಾಣಾವರ, ಶುಕ್ರವಾರ

ಔಷಧಗಳಿಗೆ ಬೆಲೆ ಕಟ್ಟುವ ಸಾಹೇಬರ ಸನ್ನಿಧಾನಕ್ಕೆ,

ಹಾವು ಕಡಿತದ ಔಷಧದ ಬೆಲೆ ಇಳಿಸಿದ ತಮ್ಮ ಆದೇಶ ತಲುಪಿತು. ದೊಡ್ಡ ಕಂಪನಿಗಳ ಬೆಲೆಯ ಸರಾಸರಿ ತೆಗೆದು, ಹನ್ನೊಂದು ಕುದುರೆಗಳ ನಮ್ಮ ಪುಟ್ಟ ಕಂಪನಿಗೂ ಅದನ್ನೇ ಹೇರಿದ್ದೀರಿ. ಸಾವಿರ ಎಲೆಯ ಮದುವೆ ಅಡುಗೆಯ ಲೆಕ್ಕದಲ್ಲಿ ಮನೆಯ ಒಂದು ಪಾತ್ರೆ ಸಾರಿಗೆ ಬೆಲೆ ಕಟ್ಟಿದ ಹಾಗಾಯಿತು. ಔಷಧ ಬಡವರಿಗೆ ಅಗ್ಗವಾಗಲಿ ಎಂದು ನನಗೂ ಆಸೆಯೇ. ಆದರೆ ಈ ಬೆಲೆಗೆ ಅದು ತಯಾರೇ ಆಗುವುದಿಲ್ಲ.

ಆದೇಶಕ್ಕೆ ಮೊದಲು ತಾವು ತಪಾಸಣೆಗೆ ಬಂದಾಗಲೂ, ಸರಾಸರಿ ಬೆಲೆ ನಮಗೆ ಕಟ್ಟುವುದಿಲ್ಲ ಎಂದೇ ಹೇಳಿದ್ದೆ. "ಕುದುರೆಗಳಿಗೆ ಹುರುಳಿ ಕಡಿಮೆ ಮಾಡಿ" ಎಂದು ಅಪ್ಪಣೆ ಕೊಡಿಸಿದಿರಿ. ಔಷಧ ಹುಟ್ಟುವುದೇ ಆ ಕುದುರೆಗಳ ರಕ್ತದಿಂದ, ಸ್ವಾಮಿ. ಲಾಯ ನೋಡಿಕೊಳ್ಳುವ ಇಂದ್ರೇಶ ಆಮೇಲೆ ಕೇಳಿದ: "ಅಕ್ಕಾ, ಸಾಹೇಬ್ರು ಮೂರು ಮುದ್ದೆ ಉಂಡ್ರಲ್ಲ, ಅದ್ನೂ ಸರಾಸರಿಗೆ ಹಿಡೀಬೇಕಾ?" ಸುಮ್ಮನಿರೋ ಎಂದು ಗದರಿದೆ. ಗದರಬಾರದಿತ್ತು.

ಸೋಮವಾರ ಕುದುರೆಗಳನ್ನು ಮಾರುತ್ತಿದ್ದೇನೆ. ಸುದ್ದಿ ತಿಳಿದು ಹಳೇಬೀಡಿನ ಡಾಕ್ಟರ್ ಸ್ವಾತಿ ಫೋನ್ ಮಾಡಿದರು. "ತೆಂಗಿನ ಸಿಪ್ಪೆ ರಾಶೀಲಿ ಹಾವು ಕಚ್ಚಿಸ್ಕೊಂಡು ಬರ್ತಾನೇ ಇರ್ತಾರೆ ಕಣ್ರೀ, ನಾನು ಏನ್ ಕೊಡ್ಲಿ?" ಎಂದರು. ಇದ್ದ ಕೊನೆಯ ಪೆಟ್ಟಿಗೆ ಔಷಧವನ್ನು ಅವರಿಗೆ ಸುಮ್ಮನೆ ಕೊಟ್ಟುಬಿಟ್ಟೆ. ಜೊತೆಗೆ ತಮ್ಮ ಆದೇಶದ ನಕಲನ್ನೂ ಇಟ್ಟಿದ್ದೇನೆ. ಔಷಧ ಮುಗಿದ ಮೇಲೆ ಗಾಯಕ್ಕೆ ಅದನ್ನೇ ಕಟ್ಟಲಿ.

ಒಂದೇ ವಿನಂತಿ. ಮತ್ತೆ ತಪಾಸಣೆಗೆ ಬರುವುದಿದ್ದರೆ ಆ ಪೆಟ್ಟಿಗೆ ಖಾಲಿಯಾಗುವ ಮೊದಲು ಬನ್ನಿ. ತಾವು ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ನಮ್ಮ ಸಿಪ್ಪೆ ರಾಶಿ ಇದೆ.

ತಮ್ಮ ಆದೇಶ ಪಾಲಿಸಿದ,
ಕಮಲಾಕ್ಷಮ್ಮ