ಕತ್ತರಿ ಹಿಡಿದ ಕೈ

ಜೂನ್ ೧೪, ಭಾನುವಾರ

ಪ್ರೀತಿಯ ಕಡ್ಡಿ,

ಚೆನ್ನಾಗಿದ್ದೀಯಾ? ನಿನ್ನ ಹೊಸ ಕಾದಂಬರಿ ಕೈಸೇರಿ ಬಹಳ ದಿನವಾಯಿತು. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬೇರೆಯವರ ಪುಸ್ತಕ ಓದುತ್ತಿರುವಾಗ ತಾನೇ ಬರೆದದ್ದು ಎದುರಾದರೆ ಯಾರಾದರೂ ಸ್ವಲ್ಪ ತಡವರಿಸುತ್ತಾರೆ.

ಏಳನೆಯ ಅಧ್ಯಾಯದ ದರ್ಜಿ ಹೆಂಗಸು ನಮ್ಮಮ್ಮನೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಗದರುವುದು, ಅಳತೆ ತೆಗೆಯುವಾಗ "ಉಸಿರು ಬಿಡಮ್ಮ, ಹೊಟ್ಟೆ ಒಳಗೆಳ್ಕೊಂಡ್ರೆ ನಾಳೆ ಹೊಲಿಗೆ ಬಿಡುತ್ತೆ" ಎನ್ನುವುದು, ಎಡಗೈಯಲ್ಲಿ ಕತ್ತರಿ ಹಿಡಿಯುವುದು, ಎಲ್ಲ ಇದೆ. ವಾಕ್ಯಗಳೂ ನನ್ನವೇ. ಕಾಲೇಜಿನಿಂದಲೂ ಒಬ್ಬರ ಕರಡನ್ನು ಒಬ್ಬರು ಓದುತ್ತ ಬಂದವರು ನಾವು. ಹೋದ ವರ್ಷ ನನ್ನ ಕರಡನ್ನು "ಸುಮಾರಾಗಿದೆ ಕಣೇ" ಎಂದು ವಾಪಸು ಕೊಟ್ಟೆಯಲ್ಲ, ಸುಮಾರಾದದ್ದನ್ನು ಯಾರಾದರೂ ಕದಿಯುತ್ತಾರೇನೇ?

ಈಗ ನನ್ನ ಪುಸ್ತಕ ಅಚ್ಚಿಗೆ ಹೋಗದೆ ನಿಂತಿದೆ. ಪ್ರಕಾಶಕರು ಫೋನ್ ಮಾಡಿ, "ಏನ್ ಮೇಡಂ, ಅವರ ಅಧ್ಯಾಯಾನ ಹಾಗ್ಹಾಗೇ ಭಟ್ಟಿ ಇಳಿಸಿದ್ದೀರಲ್ಲ!" ಎಂದರು. ನಮ್ಮಮ್ಮನ ಬಗ್ಗೆ ಬರೆದು ನನಗೇ ಕೃತಿಚೌರ್ಯದ ಪಟ್ಟ! ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಆಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಕರಡು ತೋರಿಸಿ ನಾನೇ ರುಜುವಾತು ಮಾಡಬಹುದು. ಆದರೆ ಆಗ ಜನ ನಿನ್ನ ಹಳೆಯ ಪುಸ್ತಕಗಳನ್ನೂ ಅನುಮಾನದಿಂದ ತಿರುವಿಹಾಕುತ್ತಾರೆ. ಆ ಬಸ್ ಕಂಡಕ್ಟರನ ಕಥೆ ಅಪ್ಪಟ ನಿನ್ನದು. ನೀನು ಪಟ್ಟ ಪಾಡಿಗೆ ನಾನೇ ಸಾಕ್ಷಿ. ಅದಕ್ಕೂ "ಇದು ಯಾರದ್ದೋ" ಎನ್ನುವ ಮಾತು ಬರುವುದು ಬೇಡ. ನನ್ನ ಪ್ರಕಾಶಕರಿಗೆ ನೀನೇ ನಿಜ ಹೇಳಿಬಿಡು, ನಿನ್ನ ಪುಸ್ತಕದ ಮುಂದಿನ ಮುದ್ರಣದಲ್ಲಿ ಆ ಅಧ್ಯಾಯ ತೆಗೆಸು. ಆಮೇಲೆ ಮನೆಗೆ ಬಾ. ಮುಖ ಊದಿಸಿಕೊಂಡೇ ಟೀ ಮಾಡಿಕೊಡುತ್ತೇನೆ.

ನಿನ್ನ ಯಜಮಾನರಿಗೆ ನಮಸ್ಕಾರ, ಮಗಳಿಗೆ ಮುತ್ತು. ನಿನ್ನ ಕೈಯಿಂದ ಇನ್ನೂ ನೂರು ಕಥೆ ಬರಲಿ, ನಿನ್ನವೇ.

ನಿನ್ನ
ಗುಂಡಿ

ಹೇಳಲು ಉಳಿದದ್ದು: ನನ್ನ ಕರಡಿನಲ್ಲಿ ಆ ಅಧ್ಯಾಯದ ಕೊನೆಗೆ ಅಮ್ಮ ಬಲಗೈಯಲ್ಲಿ ಕತ್ತರಿ ಹಿಡಿದಿದ್ದಳು. ನನ್ನ ಕೈತಪ್ಪೆಂದುಕೊಂಡು ನೀನು ಅದನ್ನು ಎಡಗೈ ಎಂದು ತಿದ್ದಿದ್ದೀಯ. ತಪ್ಪಲ್ಲ ಕಣೇ. ನೀನು ಬೇರೆ ಊರಿನಲ್ಲಿದ್ದಾಗ ಅವಳ ಎಡಗೈ ಸ್ವಾಧೀನ ತಪ್ಪಿತ್ತು. ನಿನ್ನ ಬಟ್ಟೆಯನ್ನು ಬೇರೆ ದರ್ಜಿಗೆ ಕೊಡೋಣವೆಂದರೆ, "ಅವಳೂ ನನ್ನ ಮಗಳೇ, ನಾನೇ ಹೊಲೀತೀನಿ" ಎಂದು ಹಟ ಹಿಡಿದಳು. ಬಲಗೈಯಲ್ಲಿ ಕತ್ತರಿಸಲು ಕಲಿತು ಅವಳು ಹೊಲಿದ ಕೊನೆಯ ಬಟ್ಟೆ ನಿನ್ನ ಮದುವೆಯದು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಳು, ಅದಕ್ಕೇ ಕಾರಣ ಬರೆದಿರಲಿಲ್ಲ. ಓದಿ ನೀನೇ ಕೇಳುತ್ತೀಯ ಎಂದುಕೊಂಡಿದ್ದೆ.