ಮಹಿಳೆ, ಹೆಸರು ತಿಳಿದಿಲ್ಲ

ಅಮ್ಮಾ,

ಇವತ್ತು ವಸ್ತುಸಂಗ್ರಹಾಲಯದಲ್ಲಿ ನನ್ನ ಮೇಜಿಗೆ ಒಂದು ಹಳೆಯ ಫೋಟೊ ಬಂತು. ನೂರು ವರ್ಷ ದಾಟಿದ್ದು. ಕುರ್ಚಿಯಲ್ಲಿ ಕುಳಿತ ಒಬ್ಬ ಹೆಂಗಸು. ಯಾರೆಂದು ಯಾರಿಗೂ ಗೊತ್ತಿಲ್ಲ. ಅದರ ಕೆಳಗೆ ಹಾಕುವ ನಾಲ್ಕು ಸಾಲನ್ನು ನಾನು ಬರೆಯಬೇಕಿತ್ತು.

"ಹೆಸರು ಗೊತ್ತಿಲ್ಲ ಅಂತ ಬೇಗ ಮುಗಿಸ್ಬೇಡಮ್ಮ, ಕಣ್ತುಂಬ ನೋಡು," ಎಂದರು ನಮ್ಮ ಮೇಲಧಿಕಾರಿ.

ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದೆ. ಆಗೆಲ್ಲ ಫೋಟೊ ತೆಗೆಯುವಾಗ ಅಲುಗಾಡದೆ ಕೂರಬೇಕಿತ್ತಂತೆ. ಅದಕ್ಕೇ ಇರಬೇಕು, ಹೆಬ್ಬೆರಳನ್ನು ಮುಷ್ಟಿಯೊಳಗೆ ಬಿಗಿಯಾಗಿ ಅದುಮಿಕೊಂಡಿದ್ದಳು. ಹುಬ್ಬಿನಲ್ಲಿ ಸಣ್ಣ ಗಾಯದ ಗುರುತು. ರವಿಕೆಯ ತೋಳಿನ ಹೊಲಿಗೆ ಬಿಚ್ಚಿದ್ದನ್ನು ಬೇರೆ ದಾರದಲ್ಲಿ ಹೊಲಿದುಕೊಂಡಿದ್ದಳು. ತುಟಿ ನೋಡಿದರೆ ಬಂದ ನಗುವನ್ನು ತಡೆದುಕೊಂಡಂತಿತ್ತು. ಎಲ್ಲವನ್ನೂ ಬರೆದೆ.

"ನಿನ್ನ ಕಣ್ಣು ಭಾರಿ ಸೂಕ್ಷ್ಮ ಬಿಡು," ಎಂದರು ಅವರು.

ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ನೀನು ಹೋಗಿ ಮೂರು ತಿಂಗಳಾಯಿತಲ್ಲ, ನಿನ್ನ ಚಿತ್ರ ಬರೆಸುತ್ತಿದ್ದಾಳೆ. ಫೋಟೊ ಅಂದರೆ ಒಳಗೆ ಓಡುತ್ತಿದ್ದವಳು ನೀನು. ಸಿಕ್ಕಿದ್ದು ಒಂದೇ, ಅದರಲ್ಲೂ ಮುಖ ಮಸುಕು.

"ಅಮ್ಮನ ಕೆನ್ನೆ ಮೇಲೆ ಮಚ್ಚೆ ಇತ್ತಲ್ಲ, ಯಾವ ಕಡೆ ಕಣೇ? ಚಿತ್ರ ಬರೆಯೋರು ಕೇಳ್ತಿದಾರೆ. ನಂಗೆ ಸರಿಯಾಗಿ ನೆನಪಾಗ್ತಿಲ್ಲ. ಆರು ವರ್ಷ ನಿನ್ನ ಜೊತೇಲೇ ಇದ್ದಳಲ್ಲ."

ಕಣ್ಣು ಮುಚ್ಚಿದೆ. ನಾನು ಬಾಗಿಲು ತೆಗೆದ ಸದ್ದಿಗೆ "ಬಂದ್ಯಾ?" ಎಂದು ನೀನು ಒಳಗಿನಿಂದ ಕೇಳುತ್ತಿದ್ದ ಧ್ವನಿ ಬಂತು. ಮುಖ ಬರಲಿಲ್ಲ.

"ಎಡಗಡೆ," ಎಂದೆ.

"ಸದ್ಯ, ನೀನಾದ್ರೂ ನೋಡಿದ್ಯಲ್ಲ," ಎಂದು ಅಕ್ಕ ಫೋನಿಟ್ಟಳು.