ಬಿಟ್ಟುಹೋದ ಅಪ್ಪನ ಫಾರಂ ಮತ್ತು ನವೆಂಬರ್ ಒಂದು

ಕಾಲೇಜು ಪ್ರವೇಶ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕಾಲೇಜಿಗೆ ಮುಂಚಿತವಾಗಿ ಅರ್ಜಿ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ನನ್ನ ಮಗಳಿಗೆ ಉಳಿದಿರುವುದು ಮೂರೇ ದಿನ. ಆ ತೀರ್ಮಾನವನ್ನು ನೀವು ಒಂಬತ್ತು ವರ್ಷದ ಹಿಂದೆ ನಮ್ಮನ್ನು ಬಿಟ್ಟುಹೋದ ಮನುಷ್ಯನ ಕೈಗೆ ಕೊಟ್ಟಿದ್ದೀರಿ. ನನ್ನ ದೂರು ಇಷ್ಟೇ. ಉಳಿದದ್ದು ವಿವರ, ಆದರೆ ಅದನ್ನೂ ಓದಿ. ನಿಮ್ಮ ಹನ್ನೊಂದು ಪುಟದ ಸೂಚನೆಗಳನ್ನು ನಾನು ಎರಡು ಸಲ ಓದಿದ್ದೇನೆ. ನಿಮಗೇ ನೇರವಾಗಿ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ, ಹಾಗಾಗಿ ಇದನ್ನು ನಮ್ಮೂರ ಪತ್ರಿಕೆಗೆ ಕೊಟ್ಟಿದ್ದೇನೆ.

ನಿಮ್ಮ ಪದ್ಧತಿ ಊರಿನವರಿಗೂ ತಿಳಿಯಲಿ. ನವೆಂಬರ್ ಒಂದರೊಳಗೆ ಒಂದೇ ಒಂದು ಕಾಲೇಜಿಗೆ, ‘ನೀವು ಕರೆದರೆ ಬಂದೇ ಬರುತ್ತೇನೆ, ಬೇರೆಲ್ಲ ಅರ್ಜಿಗಳನ್ನು ಹಿಂದಕ್ಕೆ ಪಡೆಯುತ್ತೇನೆ’ ಎಂದು ಮಾತು ಕೊಡಬೇಕು. ಅದಕ್ಕೆ ಹುಡುಗಿ, ಹೆತ್ತವರು, ಶಾಲೆಯ ಸಲಹೆಗಾರ, ಮೂವರ ಸಹಿ. ಹಾಗೆ ಮಾತು ಕೊಟ್ಟವರಿಂದಲೇ ನಿಮ್ಮ ಅರ್ಧ ಸೀಟು ಕ್ರಿಸ್‌ಮಸ್‌ಗೆ ಮೊದಲು ತುಂಬಿಹೋಗುತ್ತದೆ. ಫೀಸಿಗೆ ಹಣದ ನೆರವು ಎಷ್ಟು ಕೊಡುತ್ತೀರೆಂದು ಮಾತ್ರ ಮಾತು ಪಡೆದ ಮೇಲೆ ಹೇಳುತ್ತೀರಿ. ಒಂದು ಜೊತೆ ಬೂಟು ಕೊಳ್ಳುವಾಗಲೂ ನಾನು ಮೊದಲು ಬೆಲೆ ಕೇಳುತ್ತೇನೆ. ನಾಲ್ಕು ವರ್ಷದ ಓದಿಗೆ ಕೇಳಿದರೆ ನಿಮ್ಮ ಘನತೆಗೆ ಕುಂದೇ?

ನನ್ನ ಮಗಳು ಕೋರಿನ್‌ಗೆ ಕಲ್ಲಿನ ಹುಚ್ಚು. ಪೆನ್ಸಿಲ್ವೇನಿಯಾದ ಈ ಗಣಿಯೂರಿನಲ್ಲಿ ಗಣಿ ಮುಚ್ಚಿದ ಮೇಲೆ ಹುಟ್ಟಿದವಳು. ಅವಳ ಪ್ಯಾಂಟು ಒಗೆಯುವ ಮೊದಲು ಜೇಬು ತಡಕದಿದ್ದರೆ ವಾಷಿಂಗ್ ಮಷಿನ್ ಕೆಟ್ಟಿತೆಂದೇ ಅರ್ಥ. ಕಳೆದ ವಸಂತದಲ್ಲಿ ನಿಮ್ಮಲ್ಲಿಗೆ ಬಂದಾಗ ಭೂವಿಜ್ಞಾನದ ಅಧ್ಯಾಪಕಿಯೊಬ್ಬರು ಅವಳ ಕೈಗೆ ಸುತ್ತಿಗೆ ಕೊಟ್ಟು, “ಒಡಿ, ನೋಡೋಣ” ಎಂದರು. ಅವತ್ತಿನಿಂದ ಬೇರೆ ಕಾಲೇಜಿನ ಹೆಸರೆತ್ತಿಲ್ಲ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಫಾರಂಗಳಿಗೆ ಹೆದರುವವಳಲ್ಲ. ಆದರೆ ನಿಮ್ಮ ನೆರವಿನ ಫಾರಂ ತಂದೆಯ ಆದಾಯವನ್ನೂ ಕೇಳಿತು. ಫೋನು ಮಾಡಿದೆ. ನಿಮ್ಮ ಕಚೇರಿಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು.

“ಡೈವೋರ್ಸ್ ಆಗಿದ್ರೂ ತಂದೆಯವ್ರೂ ಆದಾಯದ ಫಾರಂ ತುಂಬ್ಲೇಬೇಕು ಮೇಡಂ.”

“ಅವನು ಎಲ್ಲಿದ್ದಾನೋ ನಂಗೊತ್ತಿಲ್ಲಮ್ಮ.”

“ಬದುಕಿದ್ದಾರಾ?”

“ಇದ್ದೇ ಇರ್ತಾನೆ. ಅಂಥವ್ರಿಗೆ ಆಯಸ್ಸು ಗಟ್ಟಿ.”

“ಹಾಗಾದ್ರೆ ಸಂಪರ್ಕವೇ ಇಲ್ಲ ಅಂತ ವಿನಾಯಿತಿ ಕೇಳಿ. ಪಾದ್ರಿಗಳ ಹತ್ರ ಒಂದು ಪತ್ರ ಬರೆಸಿ ಕಳಿಸಿ.”

ಪಾದ್ರಿಗಳು ಬರೆದುಕೊಟ್ಟರು. ಒಂಬತ್ತು ವರ್ಷದ ನನ್ನ ಅವಮಾನ ಅರ್ಧ ಪುಟದಲ್ಲಿ ಚೊಕ್ಕವಾಗಿ ಹಿಡಿಸಿತ್ತು. ಕಳಿಸಿ ಮೂರು ವಾರವಾದರೂ ನಿಮ್ಮಿಂದ ಹೂಂ ಇಲ್ಲ, ಉಹೂಂ ಇಲ್ಲ. ಗಡುವು ಹತ್ತಿರವಾಗುವುದನ್ನು ನೋಡಲಾರದೆ ಕೋರಿನ್, ನನಗೆ ಹೇಳದೆ, ಇಂಟರ್ನೆಟ್ಟಿನಲ್ಲಿ ಹುಡುಕಿ ಅರಿಜೋನಾದಲ್ಲಿರುವ ತನ್ನ ಅಪ್ಪ ವೇಡ್‌ನನ್ನು ಫೋನಿನಲ್ಲಿ ಹಿಡಿದಳು. ಆಲೂಗಡ್ಡೆ ಸುಲಿಯುತ್ತಿದ್ದ ನನ್ನ ಹತ್ತಿರ ಬಂದು ನಿಂತಳು.

“ಅಮ್ಮ, ಬೈಬೇಡ. ಅಪ್ಪನ ಹತ್ರ ಮಾತಾಡ್ದೆ.”

“ಏನಂದ?”

“ಮೊದ್ಲು ಯಾರು ಅಂತ ಕೇಳಿದ್ರು. ಆಮೇಲೆ ಕಲ್ಲಿನ ವಿಷಯ ಎಲ್ಲಾ ಕೇಳಿದ್ರು. ಫಾರಂ ತುಂಬ್ತಾರಂತೆ. ಭಾನುವಾರ ಅವ್ರೇ ಫೋನ್ ಮಾಡ್ತಾರಂತೆ.”

“ನೀನು ನಂಬ್ದೆ?”

“ಕಾಲೇಜಿನವ್ರೇ ಕೇಳಿದ್ದಾರೆ ಅಂದ್ಮೇಲೆ ಮಾಡ್ದೇ ಇರ್ತಾರಾ?”

ಎರಡು ಭಾನುವಾರ ಕಳೆದವು. ಫಾರಮ್ಮೂ ಇಲ್ಲ, ಫೋನೂ ಇಲ್ಲ. ಮುಚ್ಚುಮರೆ ಬೇಡವೆಂದು ನಡೆದದ್ದನ್ನೆಲ್ಲ ನಿಮ್ಮ ಕಚೇರಿಗೆ ಹೇಳಿದೆ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ. “ಈ ತಿಂಗಳೇ ಮಾತಾಡಿದ್ರಾ? ಹಾಗಿದ್ರೆ ಸಂಪರ್ಕ ಇದೆ ಅಂತಾಯ್ತಲ್ಲ ಮೇಡಂ, ವಿನಾಯಿತಿ ಸಿಗಲ್ಲ” ಎಂದಳು ಅದೇ ಹುಡುಗಿ. ಒಂಬತ್ತು ವರ್ಷ ಸುಮ್ಮನಿದ್ದವನು ಹತ್ತು ನಿಮಿಷ ಮಾತಾಡಿ ತಂದೆಯಾಗಿಬಿಟ್ಟ. ಇಷ್ಟು ಸುಲಭವೆಂದು ಗೊತ್ತಿದ್ದರೆ ನಾನೇಕೆ ಇಷ್ಟು ವರ್ಷ ಒದ್ದಾಡುತ್ತಿದ್ದೆ?

ಈಗ ನಾನು ಸಹಿ ಹಾಕಿದರೆ, ಡಿಸೆಂಬರಿನಲ್ಲಿ ನೀವು ಅವಳನ್ನು ಕರೆದು ಅಪ್ಪನ ಫಾರಂ ಇಲ್ಲವೆಂದು ನೆರವು ತಡೆದರೆ, ಕೊಟ್ಟ ಮಾತು ಮುರಿಯಬೇಕು. ಮುರಿದರೆ ಮುಂದಿನ ವರ್ಷ ನಮ್ಮ ಶಾಲೆಯ ಮಕ್ಕಳನ್ನು ನೀವು ಅನುಮಾನದಿಂದ ನೋಡುತ್ತೀರೆಂದು ಸಲಹೆಗಾರ ಡಫಿ ಅವರಿಗೆ ಭಯ. ಸಹಿ ಹಾಕದಿದ್ದರೆ, ಜನವರಿಯ ಗಡುವಿಗೆ ಅರ್ಜಿ ಹಾಕಿ ಉಳಿದ ಅರ್ಧ ಸೀಟಿಗೆ ದೇಶದ ಮಕ್ಕಳೆಲ್ಲರ ಜೊತೆ ಅವಳೂ ನುಗ್ಗಬೇಕು. ಸಿಗದೇ ಹೋದರೆ ಅಡ್ಡ ಬಂದವಳು ಅಮ್ಮ. ನನಗೆ ನಿದ್ದೆಯಿಲ್ಲ, ಸಿಟ್ಟಿದೆ.

ನಿನ್ನೆ ಧೈರ್ಯ ಮಾಡಿ, “ಜನವರಿಗೇ ಹಾಕೋಣ್ವಾ ಮಗಳೇ?” ಎಂದು ಕೇಳಿದೆ.

“ಈಗ ಬೇಡ ಅಂದ್ಬಿಟ್ರೆ, ಅಪ್ಪ ಫೋನ್ ಮಾಡೋಕೆ ಕಾರಣನೇ ಇರಲ್ವಲ್ಲಮ್ಮ?”

ಮಾನ್ಯರೇ, ನೀವು ಕೇಳಿದ್ದು ಒಂದು ಫಾರಂ. ಅವಳು ಅಪ್ಪನನ್ನು ಕಾಯುತ್ತಾ ಕೂತಿದ್ದಾಳೆ. ನನ್ನ ಒತ್ತಾಯಗಳು ಇವು: ಪಾದ್ರಿಗಳ ಪತ್ರವನ್ನು ಒಪ್ಪಿಕೊಳ್ಳಿ, ನೆರವು ಎಷ್ಟೆಂದು ಹೇಳಿ ಆಮೇಲೆ ಮಕ್ಕಳಿಂದ ಮಾತು ಪಡೆಯಿರಿ. ಇನ್ನೊಂದಿದೆ. ನವೆಂಬರ್ ಒಂದು ಭಾನುವಾರ ಬರುತ್ತದೆ. ಅವತ್ತು ಯಾರೂ ಮಾಡದಿದ್ದರೆ ನೀವಾದರೂ ಅವಳಿಗೆ ಫೋನು ಮಾಡಿ, ನಿನ್ನಪ್ಪನನ್ನು ನಾವು ಕೇಳಬಾರದಿತ್ತು ಎಂದು ಹೇಳಿ. ಹೆಚ್ಚು ಹೊತ್ತು ಕಾಯಬೇಕಿಲ್ಲ, ಮೊದಲ ರಿಂಗಿಗೇ ಎತ್ತುತ್ತಾಳೆ.

ಇಂತಿ,
ನಿಮ್ಮ ಕಡತದಲ್ಲಿ ಒಂದನೇ ಪೋಷಕಿ, ಮನೆಯಲ್ಲಿ ಎರಡನೆಯವರೂ ತಾನೇ ಆಗಿರುವ
ಲೊರೆಟ್ಟಾ ಹ್ರುಸ್ಕಾ
(ಸಹಿ ಸದ್ಯಕ್ಕೆ ಈ ಪತ್ರಕ್ಕೆ ಮಾತ್ರ)